ಮೈದುನನ ಸರ್ವರ್

ವಿಜಯದಶಮಿಯ ಬೆಳಿಗ್ಗೆ ಗೇಟಿನ ಮುಂದೆ, ಹಿಂದಿನ ದಿನ ಆಯುಧಪೂಜೆಗೆ ಒಡೆದ ಬೂದುಗುಂಬಳದ ಚೂರುಗಳನ್ನು ಗುಡಿಸುತ್ತಿದ್ದೆ. ಮೈದುನ ಒಳಗಿನಿಂದ ಓಡಿ ಬಂದ ರಭಸಕ್ಕೆ ಪೊರಕೆ ಕೈಬಿಟ್ಟೆ.

“ಅತ್ತಿಗೆ, ಸರ್ವರ್ ಎಲ್ಲೂ ಸಿಗ್ತಿಲ್ಲ!”

ನೋಡಿ, ಈ ಮಹಾಶಯನಿಗೆ ನಲವತ್ತೆರಡು ವಯಸ್ಸು. ಹೆಣ್ಣು ಸಿಗದಿದ್ದಾಗ ಒಂದು ದಿನವೂ ಹೀಗೆ ಓಡಿ ಬಂದವನಲ್ಲ!

ಸರ್ವರ್ ಎಂದರೆ ಹೆದರಬೇಡಿ. ನಡುಮನೆಯ ಮೂಲೆಯಲ್ಲಿರುವ ಅವನ ಹಳೆಯ ಕಂಪ್ಯೂಟರ್, ಅಷ್ಟೇ. ಬಾಶೆಟ್ಟಿಹಳ್ಳಿಯ ಕಾರ್ಖಾನೆಯಲ್ಲಿ ಅವನು ಎಲೆಕ್ಟ್ರಿಷಿಯನ್; ಮನೆಯಲ್ಲೂ ಒಂದು ಯಂತ್ರ ಕಾಯದಿದ್ದರೆ ಅನ್ನ ಸೇರುವುದಿಲ್ಲ. ತೀರಿಹೋದ ನಮ್ಮ ಮಾವನವರು ಹಾಡಿದ ಭಜನೆಗಳೆಲ್ಲ ಅದರೊಳಗಿವೆ. ಟಿವಿ, ಮೊಬೈಲುಗಳು, ಲ್ಯಾಪ್‌ಟಾಪ್ ಎಲ್ಲವೂ ವೈಫೈ ಮೂಲಕ ಅದರಿಂದಲೇ ತೆಗೆದುಕೊಂಡು ಹಾಡುತ್ತವೆ. ಬೆಳಿಗ್ಗೆ ಆ ದನಿ ಕೇಳಿದ ಮೇಲೇ ನಮ್ಮ ಅತ್ತೆ ಕಾಫಿ ಮುಟ್ಟುವುದು. ಕೇಳದಿದ್ದರೆ ಕಾಫಿಯೂ ಇಲ್ಲ, ತಿಂಡಿಯೂ ಇಲ್ಲ, ಬಿ.ಪಿ. ಮಾತ್ರೆಯೂ ಇಲ್ಲ.

ಆದರೆ ಈ ಯಂತ್ರಗಳಿಗೂ ಒಂದೊಂದು ಮಡಿ! ಹಳೆಯ ಟಿವಿಗೆ ಹಳೆಯ ರೀತಿಯಲ್ಲಿ ಮಾತಾಡಿದರೆ ಮಾತ್ರ ಅರ್ಥವಾಗುತ್ತದೆ. ನಮ್ಮೆಜಮಾನರ ಹೊಸ ಲ್ಯಾಪ್‌ಟಾಪೋ, ಹಳೆಯ ರೀತಿ ಕಂಡರೆ ಬಾಗಿಲೇ ತೆಗೆಯದು.

“ಎರಡನ್ನೂ ಒಂದೇ ಕಂಪ್ಯೂಟರ್ ಡಬ್ಬಕ್ಕೆ ಹೇಗಪ್ಪಾ ಒಗ್ಗಿಸ್ತೀಯ?” ಎಂದು ಒಮ್ಮೆ ಕೇಳಿದ್ದೆ.

“ನೀವೂ ಅಮ್ಮನೂ ಒಂದೇ ಅಡುಗೆಮನೆಲಿ ಇಲ್ವಾ ಅತ್ತಿಗೆ? ಹಂಗೇ.”

ಒಗ್ಗರಣೆ ಹಾಕುತ್ತಿದ್ದ ಅತ್ತೆ, ಕೊತ್ತಂಬರಿ ಹೆಚ್ಚುತ್ತಿದ್ದ ನಾನು, ಇಬ್ಬರೂ ತಲೆ ಎತ್ತಲಿಲ್ಲ.

ಮೊದಮೊದಲು ಕರೆಂಟ್ ಹೋಗಿ ಬಂದಾಗಲೆಲ್ಲ ವೈಫೈಯಲ್ಲಿ ಡಬ್ಬದ ವಿಳಾಸದ ನಂಬರ್ ಬದಲಾಗಿ, ಟಿವಿ ಅದನ್ನು ಹುಡುಕಿ ಹುಡುಕಿ ಸೋಲುತ್ತಿತ್ತು. ಹೊಸ ನಂಬರನ್ನು ಇವನು ಬಾಗಿಲ ಹಿಂದೆ ಸೀಮೆಸುಣ್ಣದಲ್ಲಿ ಬರೆದಿಡುತ್ತಿದ್ದ. ಘಾಟಿ ಸುಬ್ರಹ್ಮಣ್ಯಕ್ಕೆ ಹೋಗಿ ಬರುವಾಗ ನಮ್ಮಲ್ಲಿಗೆ ಬಂದ ನೆಂಟರೊಬ್ಬರು ಕೈಮುಗಿದು, “ಯಾವ ಸ್ವಾಮಿಗಳು ಬರ್ಕೊಟ್ಟಿದ್ದಮ್ಮಾ? ನಮ್ಮನೆಗೂ ಬೇಕು” ಎಂದು ಅದನ್ನು ಚೀಟಿಯಲ್ಲಿ ಬರೆದುಕೊಂಡು ಹೋದರು! ಅವತ್ತೇ ಇವನು ಡಬ್ಬಕ್ಕೆ ಕಾಯಂ ನಂಬರ್ ಕೊಟ್ಟ.

ಈಗ ನಂಬರೂ ಸರಿ, ಪಾಸ್‌ವರ್ಡೂ ಸರಿ, ಆದರೂ ಸರ್ವರ್ ಇಲ್ಲ. ಟಿವಿ ಆರಿಸಿದ, ಹಾಕಿದ. ವೈಫೈ ಆರಿಸಿದ, ಹಾಕಿದ. ಒಂಬತ್ತು ಗಂಟೆಯಾಯಿತು. ಅತ್ತೆ ಕಾಫಿ ಲೋಟಕ್ಕೆ ತಟ್ಟೆ ಮುಚ್ಚಿ ಕೂತೇ ಇದ್ದರು.

“ಬೇರೆ ಯಾರ್ದಾದ್ರೂ ಭಜನೆ ಹಾಕ್ಲೇನಮ್ಮಾ?”

“ಬೇರೆಯೋರು ಹಾಡಿದ್ರೆ ಕಾಫೀನೂ ಬೇರೆಯೋರೇ ಕುಡೀಲಿ ಬಿಡು.”

ಅವನ ಮುಖ ಸಣ್ಣಗಾಯಿತು. “ನೆನ್ನೆ ಪೂಜೆ ಆದ್ಮೇಲೆ ಇದನ್ನ ಯಾರಾದ್ರೂ ಮುಟ್ಟಿದ್ರಾ?”

ನಾನು ದೇವರ ಪಟದ ಕಡೆ ನೋಡಿದೆ. ಪೂಜೆ ಮಾಡಿದ್ದನ್ನು ಮರುದಿನ ಕದಲಿಸಬೇಡವೇ? ಕಲಶವನ್ನು ಕದಲಿಸುವ ಹಾಗೆಯೇ, ಬೆಳಿಗ್ಗೆ ಸ್ನಾನ ಮಾಡಿ, ಮಚ್ಚು, ಮಿಕ್ಸಿ, ಹೊಲಿಗೆ ಯಂತ್ರ ಎಲ್ಲವನ್ನೂ ಒಂದೊಂದು ಇಂಚು ಸರಿಸಿದ್ದೆ. ಡಬ್ಬವನ್ನು ಭಕ್ತಿ ಹೆಚ್ಚಾಗಿ ನಾಲ್ಕು ಇಂಚು! ಬಗ್ಗಿ ನೋಡಿದರೆ ಹಿಂದೆ ವೈಫೈಗೆ ಹೋಗುವ ವೈರು ಕಳಚಿ ಸೇವಂತಿಗೆ ಹೂವಿನ ಮೇಲೆ ಮಲಗಿದೆ. ದೇವರು ದೊಡ್ಡವನು, ಡಬ್ಬ ಕೆಳಗೆ ಬೀಳಲಿಲ್ಲ.

“ಎಲೆಕ್ಟ್ರಿಷಿಯನ್ ಆದೋನು ಮೊದ್ಲು ವೈರ್ ನೋಡೋದಲ್ವೇನಪ್ಪಾ?”

“ಕಾರ್ಖಾನೆಲಿ ಸರ್ವರ್‌ನ ಯಾರೂ ವಿಸರ್ಜನೆ ಮಾಡಲ್ಲ ಅತ್ತಿಗೆ!”

ವೈರು ಚುಚ್ಚಿದ. ಟಿವಿಯಲ್ಲಿ ಮಾವನವರು ಕೆಮ್ಮಿ, ಗಂಟಲು ಸರಿಮಾಡಿಕೊಂಡು, ಹಾಡಲು ಶುರುಮಾಡಿದರು. ಅತ್ತೆ ಆರಿದ ಕಾಫಿಯನ್ನೇ ಕುಡಿದು, ನಾನು ಕೊಟ್ಟ ಇಡ್ಲಿ ತಿಂದು, ಮಾತ್ರೆ ನುಂಗಿದರು. ಅಷ್ಟಾಯಿತಲ್ಲ ಎಂದುಕೊಂಡೆ.

“ಇಷ್ಟೆಲ್ಲ ಒದ್ದಾಟ ಯಾಕಪ್ಪಾ? ಟಿವಿಗೆ ಒಂದು ಪೆನ್‌ಡ್ರೈವ್ ಚುಚ್ಚಿಬಿಟ್ರೆ ಆಗಲ್ವಾ?”

ಅವನು ಬೆರಳಿಗೆ ಅಂಟಿದ ಕುಂಕುಮ ಒರೆಸಿಕೊಳ್ಳುತ್ತಿದ್ದ. “ಅಪ್ಪ ಒಂದ್ ಕಡೆ ಕೂತ್ಕೊಂಡು ಹಾಡ್ತಿದ್ರಾ ಅತ್ತಿಗೆ? ನಡುಮನೆಲಿ ಶುರು ಮಾಡಿ, ಅಡುಗೆಮನೆಗೆ ಬರೋರು, ಹಿತ್ತಲಿಗೆ ಹೋಗೋರು. ಅಮ್ಮ ಎಲ್ಲಿದ್ರೆ ಅಲ್ಲಿಗೆ.”

ಅಷ್ಟರಲ್ಲಿ ಅತ್ತೆ ಹೂ ಕೊಯ್ಯಲು ಹಿತ್ತಲಿಗೆ ನಡೆದರು. ಅವನು ತನ್ನ ಮೊಬೈಲನ್ನು ಹಿತ್ತಲ ಕಿಟಕಿಯ ಮೇಲಿಟ್ಟು, ಅದರಲ್ಲೂ ಅದೇ ಭಜನೆ ಹಾಕಿದ.

ಕುಕ್ಕರ್ ಕೂಗಿದರೆ ಹಿತ್ತಲಿನಲ್ಲಿ ಹಾಡು ಕೇಳಿಸುವುದಿಲ್ಲ. ತೊಳೆದ ಬೇಳೆಯನ್ನು ಹಾಗೇ ಇಟ್ಟು, ನಾನು ಸೊಪ್ಪು ಬಿಡಿಸುತ್ತಾ ಕೂತೆ.