ದ್ವೀಪ ಅಂದಮೇಲೆ ಸುತ್ತ ನೀರು ತಾನೇ?

ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗಳಲ್ಲಿ ಗೆದ್ದ ನನ್ನ ಪಾರಿತೋಷಕಗಳು ಸಿದ್ಧಾರ್ಥನಗರದ ನಮ್ಮ ಮನೆಯ ಟಿ.ವಿ. ಪಕ್ಕದಲ್ಲಿ ಇಂದಿಗೂ ಧೂಳು ತಿನ್ನುತ್ತಿವೆ. ಪರವಾಗಿಯೂ ಗೆದ್ದಿದ್ದೇನೆ, ವಿರೋಧವಾಗಿಯೂ ಗೆದ್ದಿದ್ದೇನೆ. ಯಾರೋ ಹೇಳಿದರು ಅಂತ ಯಾವುದನ್ನೂ ನಂಬಿದವನಲ್ಲ. ಇಂಥವನು ಹೆಂಡತಿಯನ್ನು ಅಂಡಮಾನಿಗೆ ಕರೆದೊಯ್ದರೆ ಏನು ತಾನೇ ಎಡವಟ್ಟಾದೀತು?

ಹೊರಡುವ ಮುನ್ನ ಚಾಮರಾಜಪುರಂಗೆ ಹೋಗಿ ಅತ್ತೆಗೆ ಹೇಳಿ ಬಂದೆವು. ಪಾಪ, ಅವರು ಸೂರ್ಯ ಮುಳುಗುವುದನ್ನು ನೋಡಿದ್ದೆಲ್ಲ ಎದುರುಮನೆಯ ನೀರಿನ ಟ್ಯಾಂಕಿನ ಹಿಂದೆ. ಸೂರ್ಯ ಸಮುದ್ರಕ್ಕೆ ಇಳಿಯುವಾಗ ಮಗಳು–ಅಳಿಯ ಜೋಡಿಯಾಗಿ ನಿಂತ ಒಂದು ಫೋಟೋ ಬೇಕು, ಕಟ್ಟು ಹಾಕಿಸಿ ಹಾಲ್‌ನಲ್ಲಿ ತೂಗುಹಾಕಬೇಕು ಎಂದರು. ಅವರು ಕೇಳಿದ್ದು ಅದೊಂದೇ. ನನ್ನ ಹೆಂಡತಿ ರಂಜಿತಾ ಮಾತು ಕೊಟ್ಟಳು.

ಮೊದಲ ದ್ವೀಪದಲ್ಲಿ ಅವಳು ಮಧ್ಯಾಹ್ನದಿಂದಲೇ ಅವಸರಿಸಿದಳು. ಇಲ್ಲಿ ಐದಕ್ಕೆಲ್ಲ ಸೂರ್ಯ ಮುಳುಗುತ್ತಾನೆಂದು ನಾವಿಳಿದುಕೊಂಡಿದ್ದ ಮನೆಯವರು ಹೇಳಿದ್ದರಂತೆ. ನಾನು ಎದ್ದು ನಿಂತು ಖಂಡಿಸಿದೆ. ಇಡೀ ದೇಶಕ್ಕೆ ಗಡಿಯಾರ ಒಂದೇ. ಮೈಸೂರಿನಲ್ಲಿ ಆರರ ಮೇಲೆ ಮುಳುಗುವವನು ಇಲ್ಲಿ ಮಾತ್ರ ಬೇಗ ಡ್ಯೂಟಿ ಮುಗಿಸಿ ಹೊರಡಲು ಕಾರಣವೇನು? ಪುರಾವೆ ಎಲ್ಲಿ?

ನಾವು ಹೋಗುವಾಗ ಉಳಿದವರೆಲ್ಲ ವಾಪಸ್ ಬರುತ್ತಿದ್ದರು. ಕಡಲತೀರದಲ್ಲಿ ಪುರಾವೆ ಕಗ್ಗತ್ತಲಾಗಿ ನಿಂತಿತ್ತು! ತೆಗೆದ ಫೋಟೋದಲ್ಲಿ ಎರಡು ಸಾಲು ಹಲ್ಲು ಮಾತ್ರ ಬಂದಿದ್ದವು. ಎರಡೂ ನನ್ನವೇ. ರಂಜಿತಾ ನಕ್ಕಿರಲಿಲ್ಲ.

“ಭೂಮಿ ಗುಂಡಗಿದೆ ಅನ್ನೋದಾದ್ರೂ ಒಪ್ತೀರಾ?” ಎಂದಳು.

ಅದನ್ನು ನಾನೆಂದೂ ವಿರೋಧಿಸಿಲ್ಲ ಎಂದೆ.

ಎರಡನೆಯದು ಪುಟ್ಟ ದ್ವೀಪ. ಅಲ್ಲಿದ್ದದ್ದು ಒಂದೇ ಸಂಜೆ; ಮರುದಿನ ಊರಿಗೆ. ಈ ಸಲ ನಾಲ್ಕಕ್ಕೇ ಸಿದ್ಧನಾದೆ. ಯಾವ ತೀರಕ್ಕೆ ಹೋಗಬೇಕೆಂದು ಯಾರನ್ನಾದರೂ ಕೇಳೋಣ ಎಂದಳು. ಕೇಳುವುದೇ? ದ್ವೀಪ ಅಂದಮೇಲೆ ಸುತ್ತ ನೀರು. ಸುತ್ತ ನೀರಿದ್ದಮೇಲೆ ಸೂರ್ಯ ಎಲ್ಲಿ ಮುಳುಗಿದರೂ ನೀರಲ್ಲೇ ಮುಳುಗಬೇಕು. ಆದ್ದರಿಂದ ಹತ್ತಿರದ ತೀರವೇ ಸಾಕು! ಇಷ್ಟು ಸೊಗಸಾದ ತರ್ಕ ಅಂತರಕಾಲೇಜು ಫೈನಲ್‌ನಲ್ಲೂ ನನ್ನ ಬಾಯಿಂದ ಬಂದಿರಲಿಲ್ಲ.

ರಂಜಿತಾ ಫೋಟೋಗೆಂದೇ ತಂದಿದ್ದ ಹಸಿರು ಸೀರೆ ಉಟ್ಟಿದ್ದಳು. ಮರಳ ಮೇಲೆ ಕೂತೆವು. ನನ್ನ ಭುಜಕ್ಕೆ ತಲೆಯಾನಿಸಿದಳು. ನೀಲಿ ನೀರು ನಿಧಾನಕ್ಕೆ ಬೂದಿಬಣ್ಣಕ್ಕೆ ತಿರುಗಿತು.

“ಎಲ್ರೀ ಅವ್ನು?”

“ಬರ್ತಾನೆ, ಇರು.”

ಅವಳು ಸುಮ್ಮನೆ ಹಿಂತಿರುಗಿ ನೋಡಿದಳು. ನಾನೂ ನೋಡಿದೆ. ನಮ್ಮ ಬೆನ್ನಿನ ಹಿಂದೆ, ತೆಂಗಿನ ಮರಗಳಾಚೆ, ಆಕಾಶ ಕೆಂಪಾಗಿ ಉರಿದು ಆರುತ್ತಿತ್ತು. ನಾವು ಅಷ್ಟು ಹೊತ್ತು ಭಕ್ತಿಯಿಂದ ಕೂತದ್ದು ಪೂರ್ವಕ್ಕೆ ಮುಖಮಾಡಿ!

ಬೈದಿದ್ದರೆ ಉತ್ತರ ಕೊಡುತ್ತಿದ್ದೆ. ಬೈಯಲಿಲ್ಲ. “ಅಮ್ಮ ಕೇಳಿದ್ದು ಇದೊಂದೇ ಕಣ್ರೀ,” ಎಂದಳು. ನಾನು ಅವಳ ಸೆರಗಿಗೆ ಅಂಟಿದ್ದ ಮರಳು ಕೊಡವತೊಡಗಿದೆ.

ಬೆಳಗಿನ ಜಾವ ಹೊಳೆಯಿತು. ಫೋಟೋದಲ್ಲಿರುವ ಸೂರ್ಯ ಬರುತ್ತಿದ್ದಾನೋ ಹೋಗುತ್ತಿದ್ದಾನೋ, ಹೇಳಬಲ್ಲವರು ಯಾರು? ಅವಳನ್ನು ಎಬ್ಬಿಸಿ, ಅದೇ ಸೀರೆ ಉಡಿಸಿ, ಅದೇ ತೀರಕ್ಕೆ ಓಡಿಸಿದೆ. ಸೂರ್ಯ ನೀರಿನಿಂದ ಕುಂಕುಮದ ತಟ್ಟೆಯಂತೆ ಎದ್ದ. ಅಲ್ಲೇ ನಡೆದು ಹೋಗುತ್ತಿದ್ದವರೊಬ್ಬರು ಫೋಟೋ ತೆಗೆದುಕೊಟ್ಟರು. ರಂಜಿತಾ ಆ ಪ್ರವಾಸದಲ್ಲೇ ಮೊದಲ ಸಲ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆ ನಗುವೂ ಫೋಟೋದಲ್ಲಿ ಬಂತು. ಗೆದ್ದೆ ಎಂದುಕೊಂಡು ವಿಮಾನ ಹತ್ತಿದೆ.

ಚಾಮರಾಜಪುರಂನಲ್ಲಿ ಅತ್ತೆ ಕನ್ನಡಕ ಹಾಕಿಕೊಂಡು ಮೊಬೈಲಿನಲ್ಲಿ ಫೋಟೋ ನೋಡಿದರು. ಕಣ್ಣು ತುಂಬಿ ಬಂತು. “ಎಷ್ಟ್ ಚೆನ್ನಾಗಿ ಮುಳುಗ್ತಾನೆ!” ಎಂದರು. ನಾವಿಬ್ಬರೂ ನೆಲ ನೋಡಿದೆವು. ಆಮೇಲೆ ಫೋಟೋವನ್ನು ಬೆರಳಿನಿಂದ ಹಿಗ್ಗಿಸಿ, ನನ್ನ ಮುಖದ ಹತ್ತಿರ ತಂದು, ನಿಲ್ಲಿಸಿದರು.

“ಅಳಿಯಂದ್ರೇ, ಗಲ್ಲದ ಮೇಲೆ ಬೆಳ್ಳಗಿರೋದು ಟೂತ್‌ಪೇಸ್ಟ್ ಅಲ್ವಾ?”

ರಂಜಿತಾ ಅಡುಗೆಮನೆಗೆ ಓಡಿದಳು. ಒಳಗಿಂದ ಕೆಮ್ಮು ಕೇಳಿಸಿತು.

“ಹೌದು ಅತ್ತೆ,” ಎಂದೆ. “ನಾನು ಸಾಯಂಕಾಲಾನೂ ಹಲ್ಲುಜ್ಜುತ್ತೀನಿ.”

ಫೋಟೋ ಈಗ ಅವರ ಹಾಲ್‌ನಲ್ಲಿದೆ. ನಾವು ಸಂಜೆ ಹೋದಾಗಲೆಲ್ಲ ಅತ್ತೆ ಅಕ್ಕರೆಯಿಂದ ಮೊದಲು ಹೊಸ ಬ್ರಷ್ಷು, ಪೇಸ್ಟು, ಟವೆಲ್ಲು ಕೊಡುತ್ತಾರೆ, ಕಾಫಿ ಆಮೇಲೆ. ಉಜ್ಜಿ ಬಂದು ಕುಡಿಯುತ್ತೇನೆ. ಪೇಸ್ಟಿನ ಬಾಯಿಗೆ ಅವರ ಫಿಲ್ಟರ್ ಕಾಫಿ ಬೇವಿನ ಕಷಾಯದಂತಿರುತ್ತದೆ.

“ಹೇಗಿದೆ?” ಎನ್ನುತ್ತಾರೆ.

ಚೆನ್ನಾಗಿದೆ ಅತ್ತೆ, ಎನ್ನುತ್ತೇನೆ. ವಾದ ಮಾಡುವುದಿಲ್ಲ.