ಮೈಕ್ ಟೆಸ್ಟಿಂಗಿನಲ್ಲೇ ಮುಗಿದ ಹಾಡು

ಗಿಟಾರು ಹಿಡಿದು ಹಾಡುವ ಬ್ಯಾಂಡು ನಮ್ಮ ಭಾಗದಲ್ಲಿ ನಡೆಯುವುದು ಸಾಧ್ಯವೇ ಇಲ್ಲ ಎಂದು ಮೊದಲು ಹೇಳಿದವರು ಚಿತ್ತಾಪುರದ ನಮ್ಮ ದೊಡ್ಡಪ್ಪ. “ತಮ್ಮಾ, ನಮ್ಮ ಕಡಿ ಬ್ಯಾಂಡ್ ಅಂದ್ರ ಮದುಮಗನ ಕುದ್ರಿ ಮುಂದ ಬಾರಿಸ್ತಾರಲ್ಲ, ಅದು. ಕುಂತು ಕೇಳೋ ಬ್ಯಾಂಡಿಗಿ ಯಾರು ಬರ್ತಾರೋ?” ಈಗ ನಮ್ಮ ಬ್ಯಾಂಡು ‘ಕಾಗಿಣಾ ಬೀಟ್ಸ್’ ಎಂದರೆ ಶಹಾಬಾದಿನಿಂದ ಚಿಂಚೋಳಿಯವರೆಗೆ ಜನ ಕುರ್ಚಿ ಸಾಲದೆ ನಿಂತು ಕೇಳುತ್ತಾರೆ. ಈ ಕೀರ್ತಿಯಲ್ಲಿ ನನ್ನ ಪಾಲೆಷ್ಟು ಎಂದು ಮಾತ್ರ ಕೇಳಬೇಡಿ. ನಾನು ಮ್ಯಾನೇಜರು.

ನಮ್ಮ ಮನೆತನದಲ್ಲಿ ಮೊದಲು ಬಿ.ಎ. ಮುಗಿಸಿದವನೂ ನಾನೇ. ಅಪ್ಪ ಅವ್ವ ನೆಲಕ್ಕೆ ಹಾಸುವ ಫರ್ಸಿ ಕಲ್ಲು ಹೊತ್ತು ಓದಿಸಿದರು; ಇದನ್ನು ಯಾರೂ ಕೇಳದಿದ್ದರೂ ಹೇಳುತ್ತೇನೆ. ಆದರೆ ಡ್ರಮ್ಮನ್ನು ವಾಡಿ ಸ್ಟೇಷನ್ನಿನಲ್ಲಿ ಪ್ಯಾಸೆಂಜರ್ ರೈಲಿಗೆ ಏರಿಸುವುದು, ಗಿಟಾರಿನ ಇಸ್ಮಾಯಿಲ್ ಭಾಯಿಯ ಸಿಟ್ಟು ಇಳಿಸುವುದು, ಸಿಮೆಂಟಿನ ಧೂಳಿಗೆ ರೇಣುಕಾಳ ಗಂಟಲು ಕೆಡದಂತೆ ಬಿಸಿನೀರಿನ ಫ್ಲಾಸ್ಕು ಹೊರುವುದು, ಇವು ಯಾವ ಸೆಮಿಸ್ಟರಿನಲ್ಲೂ ಇರಲಿಲ್ಲ. ರೇಣುಕಾ ನಮ್ಮ ಹಾಡುಗಾರ್ತಿ, ದಂಡೋತಿಯವಳು. ಆಕೆ ದನಿ ಎತ್ತಿದರೆ ಹೊತ್ತ ಭಾರವೆಲ್ಲ ಮರೆತುಹೋಗುತ್ತದೆ. ಹೊರುವವನು ನಾನಾದ್ದರಿಂದ ಈ ಮಾತನ್ನು ನಂಬಬಹುದು.

ಇಂಥ ರೇಣುಕಾಳನ್ನು ಬ್ಯಾಂಡಿನಿಂದ ಬಿಡಿಸಬೇಕೆಂದು ಅವಳ ಅಪ್ಪ ಶರಣಪ್ಪ ನಿರ್ಧರಿಸಿದ್ದರು. ಸಿಮೆಂಟ್ ಕಾರ್ಖಾನೆಯ ಕೆಲಸ, ಅಳೆದು ತೂಗಿದ ಮಾತು. “ಒಮ್ಮಿ ಬಂದು ಕೇಳ್ತೀನಿ. ಮನಸ್ಸಿಗಿ ಬರ್ಲಿಲ್ಲಂದ್ರ ಅವತ್ತೇ ಬಂದ್” ಎಂದು, ಸೇಡಂನ ಯುವಕ ಸಂಘದ ಕಾರ್ಯಕ್ರಮಕ್ಕೆ ಹನ್ನೊಂದಕ್ಕೇ ಬಂದು ಕುಳಿತರು. ಎರಡಕ್ಕೆ ಅವರ ಶಿಫ್ಟು.

ಹನ್ನೆರಡೂವರೆಯಾದರೂ ಮುಖ್ಯ ಅತಿಥಿಗಳ ಸುಳಿವಿಲ್ಲ. ಅವರು ಬಂದು ದೀಪ ಹಚ್ಚದೆ ನಮ್ಮಲ್ಲಿ ಏನೂ ಶುರುವಾಗುವುದಿಲ್ಲ. ಶರಣಪ್ಪ ಎದ್ದು ನನ್ನ ಬಳಿ ಬಂದರು. “ಮ್ಯಾನೇಜರ್ ಸಾಹೇಬ್ರ, ನಾ ಒಂದಕ್ಕ ಹೊಂಡ್ತೀನ್ರಿ. ಆಕಿ ಹಾಡ್ಲಿ, ಬಿಡ್ಲಿ.” ರೇಣುಕಾಳ ಮುಖ ಸಣ್ಣದಾಯಿತು. ನಾನು ಸಂಘದ ಅಧ್ಯಕ್ಷರ ಬಳಿ ಓಡಿ, ಒಂದೇ ಒಂದು ಹಾಡಿಗೆ ಅನುಮತಿ ಕೇಳಿದೆ.

“ಒಂದು ಹಾಡೂ ಇಲ್ಲರಿ. ಅತಿಥಿಗಳಿಗಿ ಅವಮಾನ ಆಗ್ತದ.”

“ಮೈಕ್ ಟೆಸ್ಟಿಂಗರೆ ಮಾಡಬಹುದಲ್ರಿ?”

“ಅದು ಮಾಡ್ರಿ. ಅದಕ್ಯಾರು ಬ್ಯಾಡ ಅಂತಾರ?”

ನಾನು ಗಂಭೀರವಾಗಿ “ಈಗ ಮೈಕ್ ಟೆಸ್ಟಿಂಗ್” ಎಂದು ಘೋಷಿಸಿ ಕೆಳಗಿಳಿದೆ. ರೇಣುಕಾ ಕಾಗಿಣಾ ನದಿಯ ಮೇಲೆ ತಾನೇ ಕಟ್ಟಿದ ಹಾಡನ್ನು ಪಲ್ಲವಿಯಿಂದ ಟೆಸ್ಟ್ ಮಾಡಿದಳು. ಇಸ್ಮಾಯಿಲ್ ಭಾಯಿ ಗಿಟಾರು ಟೆಸ್ಟ್ ಮಾಡಿದ. ಚಹಾ ಕುಡಿಯಲು ಹೋಗಿದ್ದವರು ಕಪ್ಪು ಹಿಡಿದೇ ಒಳಗೆ ಬಂದರು. ಅಧ್ಯಕ್ಷರು ಏದುಸಿರು ಬಿಡುತ್ತ ಬಂದರು: “ಏನ್ರೀ ಇದು, ಪೂರಾ ಹಾಡೇ ಆಗ್ಲಿಕತ್ತದ!”

“ಎರಡನೇ ಚರಣದಾಗ ಸ್ವಲ್ಪ ಗರ್ ಅಂತದ್ರಿ, ಅದಕ್ಕ ನೋಡ್ಲಿಕತ್ತೀವಿ.”

ಅವರು ಇನ್ನೇನೋ ಹೇಳಬೇಕೆಂದು ಬಾಯಿ ತೆರೆದರು. ಹಾಡು ಮೇಲಕ್ಕೇರಿತು. ತೆರೆದ ಬಾಯಲ್ಲೇ ನಿಂತು ಕೇಳಿದರು.

ಚಪ್ಪಾಳೆ ನಿಲ್ಲುವ ಮೊದಲೇ ಶರಣಪ್ಪ ಬಾಗಿಲಲ್ಲಿದ್ದರು. ನಾನು ಹಿಂದೆ ಓಡಿದೆ. ಅವರು ಟವೆಲ್ಲಿನಿಂದ ಮುಖವನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಒರೆಸಿಕೊಂಡು ಹೇಳಿದರು: “ಮುಂದಿನ ಟೆಸ್ಟಿಂಗ್ ಎಲ್ಲಿ ಅದ ಹೇಳ್ರಿ. ರಜಾ ಹಾಕಿ ಬರ್ತೀನಿ.”

ಅತಿಥಿಗಳು ಎರಡೂವರೆಗೆ ಬಂದರು. ನಾನು ಇಪ್ಪತ್ತು ನಿಮಿಷ ಸ್ವಾಗತ ಭಾಷಣ ಮಾಡಿದೆ. ಓದಿದವನಿಗೆ ಮೈಕು ಸಿಗುವುದು ಅಪರೂಪ. ಕೊನೆಗೆ ಬ್ಯಾಂಡಿನ ಎಲ್ಲರಿಗೂ ಸರ್ಟಿಫಿಕೇಟ್ ಕೊಟ್ಟರು. ನನ್ನ ಕೈಗೂ ಒಂದು ಬಂತು: ‘ಉತ್ತಮ ಧ್ವನಿವರ್ಧಕ ವ್ಯವಸ್ಥೆಗಾಗಿ.’ ಮುಂದಿನ ಸಾಲಿನಲ್ಲಿದ್ದ ಅವ್ವನ ಕೈಗೆ ಅದನ್ನಿಟ್ಟೆ.

“ಏನು ಬರ್ದಾರೋ ಇದ್ರಾಗ?”

“ಮೈಕ್ ಛಲೋ ಇತ್ತು ಅಂತ ಬರ್ದಾರವ್ವ.”

ಅವ್ವ ಅದನ್ನು ಸೆರಗಿನಿಂದ ಒರೆಸಿ, ಎರಡೂ ಕೈಯಲ್ಲಿ ಹಿಡಿದು, ಹೆಮ್ಮೆಯಿಂದ ಹೇಳಿದಳು: “ಖರೇನೇ ಬರ್ದಾರ ನೋಡಪ್ಪ. ನೀ ಸುಮ್ಮನಿದ್ದಾಗ ಭಾಳ ಛಲೋ ಕೇಳಸ್ತು.”