ಅತ್ತೆಯ ಪರಿಹಾರದ ಕೇಸು

ಬಸ್ಸಿನಿಂದ ಬಿದ್ದು ಕೈ ಮುರಿದುಕೊಂಡರೂ ತನ್ನಿಂದ ಬಸ್ಸಿಗೆ ತಡವಾಯಿತೇನೋ ಎಂದು ಪೇಚಾಡುವ ಹೆಂಗಸನ್ನು ನೀವು ಕಂಡಿದ್ದೀರಾ? ಇಲ್ಲವಾದರೆ ಬಾಳಗಡಿಗೆ ಬನ್ನಿ, ನನ್ನ ಅತ್ತೆಯನ್ನು ತೋರಿಸುತ್ತೇನೆ. ಅಪ್ಪನ ಅಕ್ಕ; ಮನೆಯಲ್ಲೇ ಹೊಲಿಗೆ ಮಾಡಿ ಬದುಕಿದವರು. ಇಂಥವರ ಪರವಾಗಿ ಪರಿಹಾರದ ಕೇಸಿಗೆ ಓಡಾಡುವ ಕರ್ಮ ನನ್ನ ಪಾಲಿಗೆ ಬಂದಿದೆ!

ಆಗಿದ್ದಿಷ್ಟು. ಕೊಪ್ಪದ ಬಸ್‌ಸ್ಟ್ಯಾಂಡಿನಲ್ಲಿ ಅತ್ತೆ ಇಳಿಯುತ್ತಿದ್ದರು. ಒಂದು ಕಾಲು ನೆಲದ ಮೇಲೆ, ಇನ್ನೊಂದು ಮೆಟ್ಟಿಲ ಮೇಲೆ ಇರುವಾಗಲೇ ಡ್ರೈವರ್ ಬಸ್ಸು ಬಿಟ್ಟ. ಬಿದ್ದ ಏಟಿಗೆ ಬಲಗೈ ಮಣಿಕಟ್ಟು ಎರಡು ಕಡೆ ಮುರಿಯಿತು. ನಿರ್ಲಕ್ಷ್ಯ ಎನ್ನಲು ಇದಕ್ಕಿಂತ ಇನ್ನೇನು ಬೇಕು? ಆದರೆ ಆಸ್ಪತ್ರೆಗೆ ಬಂದ ಪೊಲೀಸರಿಗೆ ಅತ್ತೆ, ತಾನೇ ಸ್ವಲ್ಪ ಚುರುಕಾಗಿ ಇಳಿಯಬೇಕಿತ್ತು, ಅವನಿಗೂ ಟೈಮಿನ ಗಡಿಬಿಡಿ ಇರುತ್ತದಲ್ಲ ಎಂದು ಹೇಳಿಕೆ ಬರೆಸಿದರು.

ನಮ್ಮ ವಕೀಲರು ತಾಳ್ಮೆಯಿಂದ ತಿಳಿಸಿದರು. ಡ್ರೈವರನ ನಿರ್ಲಕ್ಷ್ಯ ಸಾಬೀತಾದರೆ ಪರಿಹಾರ ಸಿಗುತ್ತದೆ; ತನ್ನದೂ ತಪ್ಪಿದೆ ಎಂದು ಒಪ್ಪಿಕೊಂಡರೆ ಅಷ್ಟು ಪಾಲು ಕಡಿತವಾಗುತ್ತದೆ. ಅತ್ತೆ ಗಮನವಿಟ್ಟು ಕೇಳಿದರು.

"ಹಂಗಾದ್ರೆ ಅರ್ಧರ್ಧ ಅಂತ ಹಾಕಿ ಮಾರಾಯ್ರೇ. ಪಾಪ, ಅವನಿಗೂ ಸಮಾಧಾನ ಆಗ್ಲಿ."

ಅರ್ಧರ್ಧ! ಇದೇನು ಬೇಲಿ ತಗಾದೆಯೇ, ಮಧ್ಯಕ್ಕೊಂದು ಗೂಟ ಹೊಡೆದು ಎದ್ದು ಹೋಗಲು? ವಕೀಲರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

ಆಮೇಲೆ ವಿಮಾ ಕಂಪನಿಯವರೊಬ್ಬರು ತನಿಖೆಗೆಂದು ಮನೆಗೇ ಬಂದರು. ನಮ್ಮ ಕಡೆ ಬಂದವರಿಗೆ ಬೆಲ್ಲ ನೀರು ಕೊಡದೆ ಮಾತು ಶುರುವಾಗುವುದಿಲ್ಲ, ನಿಜ. ಆದರೆ ಎದುರು ಪಕ್ಷದವರಿಗೆ ತುಪ್ಪ ಹಾಕಿ ನೀರುದೋಸೆಯೇ? ನಾನು ಹೋಗುವಷ್ಟರಲ್ಲಿ ಆ ಮನುಷ್ಯ ಏಳನೆಯ ದೋಸೆಯಲ್ಲಿದ್ದ! ಅತ್ತೆ ಎಡಗೈಯಲ್ಲಿ ದೋಸೆ ಎರೆಯುತ್ತಿದ್ದರು. ಅವನು ಮಾತ್ರ ಮನೆಗೆಲಸವೆಲ್ಲ ಸಲೀಸು ಎಂದು ಬರೆದುಕೊಂಡ.

ಸಾಕ್ಷಿ ಹೇಳುವ ದಿನ ಹತ್ತಿರ ಬಂದಾಗ ಒಂದು ವಾರ ಪಾಠ ಮಾಡಿದೆ. ಕೈ ನೋಯುತ್ತದೆ ಅನ್ನಿ ಅತ್ತೆ, ಅಷ್ಟು ಅಂದರೆ ಸಾಕು ಎಂದೆ. ಕಟಕಟೆ ಹತ್ತಿದ ಅತ್ತೆಯನ್ನು ಕಂಪನಿಯ ವಕೀಲರು ಮೊದಲು ಕೇಳಿದ್ದೇ, ಈಗ ಹೇಗಿದ್ದೀರಿ ಎಂದು.

"ಆರಾಮ. ನೀವು ಆರಾಮಾ?"

ಕೋರ್ಟಿಗೆ ಕೋರ್ಟೇ ನಕ್ಕಿತು. ನಾನು ಹಣೆ ಚಚ್ಚಿಕೊಂಡೆ.

ಅವರು ತನಿಖೆಯ ವರದಿ ತೆಗೆದರು. ಅಪಘಾತವಾದ ಮೇಲೂ ತಮ್ಮನ ಮಗಳ ಮದುವೆಯ ರವಿಕೆ ತಾನೇ ಹೊಲಿದೆ ಎಂದು ಅತ್ತೆ ಹೇಳಿದ್ದಾರಂತೆ, ಹೌದೋ ಅಲ್ಲವೋ? ಹೌದು, ಆ ದೋಸೆಯ ದಿನ ನನ್ನೆದುರೇ ಹೇಳಿದ್ದರು. ಆ ರವಿಕೆ ತೊಟ್ಟು ಧಾರೆಗೆ ನಿಂತವಳೇ ನಾನು. ನಮ್ಮ ಕೇಸು ಅಲ್ಲಿಗೆ ಮುಗಿಯಿತು ಎಂದುಕೊಂಡೆ.

ಅತ್ತೆ ನನ್ನ ಕಡೆ ನೋಡಲಿಲ್ಲ.

"ಅದು ಸುಳ್ಳು ಸ್ವಾಮಿ. ಪೇಟೆ ಟೈಲರ್ ಹತ್ರ ಹೊಲಿಸಿದ್ದು. ಕತ್ತರಿ ಹಿಡಿಯೋಕೂ ಈ ಕೈಲಿ ಆಗ್ಲಿಲ್ಲ. ಮದುವೆ ಹೊತ್ತಲ್ಲಿ ಆ ಕೂಸಿಗೆ ಬೇಜಾರಾಗೋದು ಬೇಡ ಅಂತ ನಾನೇ ಹೊಲ್ದೆ ಅಂದೆ."

ಯಾರೂ ನಗಲಿಲ್ಲ. ನನಗೆ ಕಣ್ಣು ತುಂಬಿ ಬಂತು. ನೋಯುತ್ತದೆ ಅನ್ನಿ ಎಂದು ಅಷ್ಟು ದಿನ ಹೇಳಿಕೊಟ್ಟವಳು ನಾನು. ನೋಯುತ್ತದಾ ಎಂದು ಒಮ್ಮೆಯೂ ಕೇಳಿರಲಿಲ್ಲ. ಹೊರಗೆ ಬಂದ ಕೂಡಲೇ ಕೇಳಿದೆ.

"ಹೂಂ ಕಣೇ," ಎಂದರು ಅತ್ತೆ. "ತುಂಬಾ."